ಅರಸರ ಮದುವೆಯ ಅಣಕ: ಅಚ್ಚುಚಿತ್ರ ಮತ್ತು ತೊಗಲುಗೊಂಬೆ

1. ಪ್ರವೇಶ

ಅರಸನ ಮದುವೆ ಎರಡು ಮನೆಗಳ ನಡುವಿನ ಸಂಬಂಧವಷ್ಟೇ ಆಗಿದ್ದ ಕಾಲವಿಲ್ಲ. ಅದು ಎರಡು ರಾಜ್ಯಗಳ ಒಡಂಬಡಿಕೆ, ಬೊಕ್ಕಸದ ವೆಚ್ಚ, ಪ್ರಜೆಗಳ ಪಾಲಿಗೆ ಏಕಕಾಲಕ್ಕೆ ಹಬ್ಬ ಮತ್ತು ಹೊರೆ. ಹೀಗೆ ಸಾರ್ವಜನಿಕವಾದುದರಿಂದಲೇ ಅದು ಸಾರ್ವಜನಿಕ ನಗೆಗೂ ವಸ್ತುವಾಯಿತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ನಗೆ ಅಚ್ಚಾದ ವಿಡಂಬನ ಚಿತ್ರಗಳ ರೂಪದಲ್ಲಿ ಬೀದಿಗೆ ಬಂದಿತು. ಕರ್ನಾಟಕದಲ್ಲಿ ಅರಮನೆಯ ಮದುವೆಗಳನ್ನು ಗೇಲಿಮಾಡುವ ಅಚ್ಚುಚಿತ್ರಗಳದೊಂದು ಪರಂಪರೆ ಬೆಳೆದು ಬರಲಿಲ್ಲ. ಇದರಿಂದ ನಮ್ಮ ಜನಪದರು ಅರಸರ ಮದುವೆಯನ್ನು ಕೈಮುಗಿದೇ ನೋಡಿದರೆಂದು ಭಾವಿಸುವುದು ತಪ್ಪಾಗುತ್ತದೆ. ಅಣಕ ಇಲ್ಲಿಯೂ ಇತ್ತು, ಚಿತ್ರರೂಪದಲ್ಲಿಯೇ ಇತ್ತು. ಆದರೆ ಅದು ಕಾಗದದ ಮೇಲಿರದೆ ತೊಗಲಿನ ಮೇಲಿತ್ತು.

ತೊಗಲುಗೊಂಬೆಯಾಟದ ಹಾಸ್ಯದ ಜೋಡಿಯಾದ ಕಿಳ್ಳೆಕ್ಯಾತ ಮತ್ತು ಬಂಗಾರಕ್ಕರನ್ನು ರಾಜವಿವಾಹದ ವಿಡಂಬನೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಧ್ಯ ಕರ್ನಾಟಕದ ದಾವಣಗೆರೆ ಮತ್ತು ಹರಿಹರದ ಸೀಮೆಯನ್ನು ನೆಲೆಯಾಗಿ ಇಟ್ಟುಕೊಂಡು, ಲಂಡನ್ನಿನ ಅಚ್ಚುಚಿತ್ರಗಳೊಡನೆ ಹೋಲಿಸುತ್ತ ಈ ವಿವೇಚನೆ ಸಾಗುತ್ತದೆ. ಹೋಲಿಕೆಯ ಗುರಿ ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದು ತೋರಿಸುವುದಲ್ಲ. ಎರಡು ಮಾಧ್ಯಮಗಳು ಒಂದೇ ವಸ್ತುವನ್ನು ಎರಡು ಬೇರೆ ದಾರಿಗಳಲ್ಲಿ ಅಣಕಿಸಿದವು. ಆ ಭೇದವನ್ನು ಅರಿಯದೆ ನಮ್ಮ ಗೊಂಬೆಗಳನ್ನು ಸಂಗ್ರಹಿಸಿದರೆ ತೊಗಲು ಉಳಿದು ಅಣಕ ಕಳೆದುಹೋಗುತ್ತದೆ ಎಂಬುದೇ ಇಲ್ಲಿನ ಮುಖ್ಯ ವಾದ.

2. ಲಂಡನ್ನಿನ ಅಂಗಡಿಯ ಕಿಟಕಿ

ಇಂಗ್ಲೆಂಡಿನ ವಿಡಂಬನ ಚಿತ್ರಗಳನ್ನು ತಾಮ್ರದ ಫಲಕದ ಮೇಲೆ ಕೊರೆದು, ಕಾಗದಕ್ಕೆ ಅಚ್ಚೊತ್ತಿ, ಅನೇಕ ವೇಳೆ ಕೈಯಿಂದ ಬಣ್ಣ ತುಂಬಿ ಮಾರುತ್ತಿದ್ದರು. ಕೊಳ್ಳಲಾಗದವರು ಅಂಗಡಿಯ ಕಿಟಕಿಯ ಮುಂದೆ ಗುಂಪುಗೂಡಿ ನೋಡಿ ನಗುತ್ತಿದ್ದರು. ಈ ಕಲೆಯ ಅಗ್ರಗಣ್ಯನಾದ ಜೇಮ್ಸ್ ಗಿಲ್‌ರೇ (1756–1815) ಮೂರನೆಯ ಜಾರ್ಜ್ ದೊರೆಯ ಮಕ್ಕಳ ಮದುವೆಗಳನ್ನು ಒಂದಾದ ಮೇಲೊಂದರಂತೆ ಚಿತ್ರಿಸಿದನು.

ಯುವರಾಜನು ಕ್ಯಾಥೊಲಿಕ್ ವಿಧವೆಯಾದ ಮರಿಯಾ ಫಿಟ್ಸ್‌ಹರ್ಬರ್ಟಳನ್ನು 1785ರ ಡಿಸೆಂಬರಿನಲ್ಲಿ ಗುಟ್ಟಾಗಿ ವರಿಸಿದ್ದನು. ದೊರೆಯ ಒಪ್ಪಿಗೆಯಿಲ್ಲದೆ ನಡೆದ ಈ ಮದುವೆ 1772ರ ರಾಜವಿವಾಹ ಶಾಸನದ ಪ್ರಕಾರ ಅಸಿಂಧು. 1786ರಲ್ಲಿ ಗಿಲ್‌ರೇ ಈ ಮದುವೆಯನ್ನು ಚಿತ್ರಿಸಿದಾಗ ರಾಜಕಾರಣಿ ಎಡ್ಮಂಡ್ ಬರ್ಕ್ ಪುರೋಹಿತನಾದನು. ಚಾರ್ಲ್ಸ್ ಫಾಕ್ಸ್ ಕನ್ಯಾದಾನ ಮಾಡುವವನಾದನು. 1792ರ ಜನವರಿಯ ಇನ್ನೊಂದು ಚಿತ್ರದ ವಸ್ತು ಯಾರ್ಕಿನ ಡ್ಯೂಕ್ ಮತ್ತು ಪ್ರಷ್ಯದ ರಾಜಕುಮಾರಿಯ ದಾಂಪತ್ಯ. ವಧುವಿನ ಪುಟ್ಟ ಪಾದಗಳನ್ನು ಪತ್ರಿಕೆಗಳು ಹೊಗಳಿ ಹೊಗಳಿ ಬರೆಯುತ್ತಿದ್ದ ಸಮಯವದು. ಗಿಲ್‌ರೇ ಆ ದಂಪತಿಗಳ ಮುಖವನ್ನೇ ತೋರಿಸದೆ ಎರಡು ಜೊತೆ ಪಾದಗಳನ್ನು ಮಾತ್ರ ಬರೆದನು. ಹೊಗಳಿಕೆಯ ಬಾಯಿ ಮುಚ್ಚಿಸಲು ಅಷ್ಟೇ ಸಾಕಾಯಿತು. 1797ರಲ್ಲಿ ಹಿರಿಯ ರಾಜಕುಮಾರಿ ವುರ್ಟೆಂಬರ್ಗಿನ ಸ್ಥೂಲಕಾಯದ ರಾಜಕುಮಾರನನ್ನು ವರಿಸಿದಾಗ ಬಂದ ಚಿತ್ರದಲ್ಲಿ ವರನ ಹೊಟ್ಟೆ ಅವನಿಗಿಂತ ಮುಂದಾಗಿ ನಡೆಯುತ್ತದೆ. ಮೆರವಣಿಗೆಯಲ್ಲಿ ಪ್ರಧಾನಿ ಪಿಟ್ 80,000 ಪೌಂಡ್ ಎಂದು ಬರೆದ ಚೀಲವನ್ನು ಹೊತ್ತಿದ್ದಾನೆ. ಮದುವೆಯ ಹಣ ಯಾರ ಬೊಕ್ಕಸದಿಂದ ಹೋಗುತ್ತಿದೆ ಎಂಬುದನ್ನು ಆ ಚೀಲ ಹೇಳುತ್ತದೆ.

ಗಿಲ್‌ರೇಯ ಗೇಲಿಗೆ ಕನ್ನಡ ನಾಡೂ ಹೊರತಾಗಿರಲಿಲ್ಲ. 1791ರಲ್ಲಿ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ ಕಾರ್ನ್‌ವಾಲಿಸ್‌ನನ್ನು ಅವನು ಅದೇ ವರ್ಷದ ಡಿಸೆಂಬರಿನಲ್ಲಿ ಹೀನಾಯವಾಗಿ ಅಣಕಿಸಿದ್ದನು. ಡ್ಯೂಕ್ ದಂಪತಿಗಳ ಪಾದಗಳ ಚಿತ್ರ ಅದರ ಮರುತಿಂಗಳಿನದು. ಸೋತ ಸೇನಾಪತಿ, ಮದುವೆಯಾದ ರಾಜಕುಮಾರ ಇಬ್ಬರೂ ಅವನಿಗೆ ಸಮಾನರು.

ಈ ಚಿತ್ರಗಳ ವಿಧಾನ ಸ್ಪಷ್ಟವಾಗಿದೆ. ಅಣಕಕ್ಕೆ ಗುರಿಯಾದವನ ಸ್ವಂತ ದೇಹವೇ ವಿಕಾರಗೊಳ್ಳುತ್ತದೆ. ಅವನು ಯಾರೆಂದು ನೋಡುಗನಿಗೆ ಗೊತ್ತು, ದಿನಾಂಕ ಗೊತ್ತು, ಸಂದರ್ಭ ಗೊತ್ತು. ಇದನ್ನು ನೇರ ಅಣಕವೆಂದು ಕರೆಯಬಹುದು.

3. ಸೀಮೆಯ ಹಿನ್ನೆಲೆ

ದಾವಣಗೆರೆ ಮೂಲತಃ ಸಣ್ಣ ಹಳ್ಳಿ. ಹೈದರಾಲಿಯು ಇದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಗ್ಯಾಸೆಟಿಯರುಗಳು ಹೇಳುತ್ತವೆ. ಹರಿಹರ ತುಂಗಭದ್ರೆಯ ದಂಡೆಯ ಪುರಾತನ ಕ್ಷೇತ್ರ. ಆಂಗ್ಲರ ಕಾಲದಲ್ಲಿ ಇಲ್ಲಿ ಸೇನಾ ಠಾಣ್ಯವಿದ್ದು, 1865ರವರೆಗೆ ದೇಶೀಯ ಪಡೆಯೊಂದು ಬೀಡುಬಿಟ್ಟಿತ್ತು. ನದಿಗೆ ಸೇತುವೆಯಾದದ್ದು 1868ರಲ್ಲಿ. ನದಿಯ ಈಚೆಗೆ ಮೈಸೂರು ಸಂಸ್ಥಾನ; ಆಚೆಗೆ ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡ ಜಿಲ್ಲೆ. ಸಂತೆಯ ಪೇಟೆಯೊಂದು, ದಾಟುವ ಕಡವೊಂದು ಹೀಗೆ ಹತ್ತಿರ ಕೂಡಿದ ಈ ಸೀಮೆ ಅಲೆಮಾರಿ ಕಲಾವಿದರಿಗೆ ಸಹಜವಾದ ಹಾದಿ. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಇವೆರಡೂ 1997ರಿಂದ ದಾವಣಗೆರೆ ಜಿಲ್ಲೆಯ ಭಾಗಗಳು.

ಈ ನೆಲಕ್ಕೆ ಅರಸರ ಸಂಬಂಧ–ವೈರಗಳ ನೆನಪೂ ದಟ್ಟವಾಗಿದೆ. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ರಾಯದುರ್ಗಗಳ ಪಾಳೆಯಪಟ್ಟುಗಳು ಸುತ್ತಲೂ ಇದ್ದವು. ಚಿತ್ರದುರ್ಗದ ಮದಕರಿನಾಯಕನು 1748ರಲ್ಲಿ ಹರಪನಹಳ್ಳಿಯವರೊಡನೆ ಕಾದಿ ಮಡಿದ ಮಾಯಕೊಂಡ ದಾವಣಗೆರೆಗೆ ಸಮೀಪದಲ್ಲಿದೆ. ಪಾಳೆಯಗಾರರ ಲೋಕದಲ್ಲಿ ಮದುವೆ ಸಂಧಿಯ ಇನ್ನೊಂದು ಹೆಸರು. ಸಂಧಿ ಮುರಿದರೆ ದಂಡು ಹೊರಡುವುದು ಹೊಲಗಳ ಮೇಲೆಯೇ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವಿಜಯನಗರ ಕಾಲದ ಶಾಸನಗಳಲ್ಲಿ ಮದುವೆ ಸುಂಕದ ಉಲ್ಲೇಖಗಳು ದೊರೆಯುತ್ತವೆ. ಒಕ್ಕಲಿನವನು ತನ್ನ ಮಗಳ ಮದುವೆಗೆ ಪ್ರಭುತ್ವಕ್ಕೆ ಸುಂಕ ತೆರಬೇಕಿತ್ತು. ಪ್ರಭುವಿನ ಮದುವೆಯನ್ನು ಕುರಿತು ಒಕ್ಕಲಿನವನು ನಗುವ ನಗೆಯಲ್ಲಿ ಈ ಲೆಕ್ಕವೂ ಸೇರಿದೆಯೆಂದು ತಿಳಿದರೆ ತಪ್ಪಾಗದು.

4. ಗೊಂಬೆಯ ದೇಹ

ತೊಗಲುಗೊಂಬೆ ಆಡಿಸುವ ಸಮುದಾಯವನ್ನು ಕಿಳ್ಳೆಕ್ಯಾತ, ಶಿಳ್ಳೆಕ್ಯಾತ, ಕಟಬು, ಗೊಂಬೆರಾಮ ಮುಂತಾದ ಹೆಸರುಗಳಿಂದ ಕರೆಯುತ್ತಾರೆ. ಇವರ ಮನೆಮಾತು ಮರಾಠಿಗೆ ಹತ್ತಿರದ್ದು. ಆಟದ ಭಾಷೆ ಕನ್ನಡ. ಮೀನು ಹಿಡಿಯುವುದು ಇವರ ಮತ್ತೊಂದು ಕಸುಬು. ಸಮುದಾಯಕ್ಕೆ ರಾಮನ ಹೆಸರಿಗಿಂತಲೂ ಹೆಚ್ಚು ಬಳಕೆಯಾಗಿ ನಿಂತದ್ದು ಆಟದ ಕೋಡಂಗಿಯ ಹೆಸರು. ಜನರ ನೆನಪಿನಲ್ಲಿ ಈ ಕಲೆಯ ನಾಯಕ ಯಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹದಮಾಡಿದ ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ರೇಖೆ ಬರೆದು, ಉಳಿಯಿಂದ ರಂಧ್ರಗಳನ್ನು ತೆಗೆದು, ಕೆಂಪು, ಕಪ್ಪು, ಹಸಿರು ಮೊದಲಾದ ಬಣ್ಣ ತುಂಬುತ್ತಾರೆ. ಪರದೆಯ ಹಿಂದಿನ ದೀಪ ಈ ಬಣ್ಣಗಳನ್ನೇ ನೆರಳಾಗಿ ಮುಂದಕ್ಕೆ ಚೆಲ್ಲುತ್ತದೆ. ಚಿಕ್ಕ ಗೊಂಬೆಗಳ ಸಂಪ್ರದಾಯದಲ್ಲಿ ರಾಜ, ರಾಣಿ, ದೇವತೆಗಳ ಗೊಂಬೆಗಳು ಬಹುಮಟ್ಟಿಗೆ ಒಂದೇ ತೊಗಲಿನವು. ಆಸ್ಥಾನ, ರಥ, ಕಲ್ಯಾಣದ ದೃಶ್ಯಗಳಲ್ಲಿ ಹಲವು ಆಕೃತಿಗಳು ಒಂದೇ ತೊಗಲಿನಲ್ಲಿ ಕೂಡಿರುತ್ತವೆ. ಅವುಗಳ ಘನತೆ ಅಲುಗಾಡದಿರುವುದರಲ್ಲಿದೆ. ಕಿಳ್ಳೆಕ್ಯಾತ ಮತ್ತು ಬಂಗಾರಕ್ಕರ ಗೊಂಬೆಗಳು ಇದಕ್ಕೆ ವಿರುದ್ಧ. ಕಪ್ಪು ಮೈ, ದಪ್ಪ ತುಟಿ, ಉಬ್ಬಿದ ಹೊಟ್ಟೆ, ನಿಮಿರಿದ ಜುಟ್ಟು, ಕೀಲುಕೀಲಾಗಿ ಆಡುವ ಕೈಕಾಲು. ಹಲವು ಮೇಳಗಳಲ್ಲಿ ಇವು ಅಶ್ಲೀಲವೆನ್ನಿಸುವ ಮಟ್ಟಿಗೆ ಬತ್ತಲೆ. ಗಿಲ್‌ರೇ ವರನಿಗೆ ಕೊಟ್ಟ ಹೊಟ್ಟೆಯನ್ನು ಇಲ್ಲಿನ ಕಲಾವಿದ ಕೋಡಂಗಿಗೆ ಕೊಟ್ಟಿದ್ದಾನೆ. ಅತಿಶಯದ ರೇಖೆ ಎರಡೂ ಕಡೆ ಒಂದೇ. ಅದು ಬಿದ್ದ ಮೈ ಬೇರೆ.

5. ಪಕ್ಕದ ಮದುವೆ

ಆಟ ಗಣಪತಿ, ಸರಸ್ವತಿಯರ ಸ್ತುತಿಯಿಂದ ತೊಡಗುತ್ತದೆ. ಅನಂತರ ಕಿಳ್ಳೆಕ್ಯಾತ, ಬಂಗಾರಕ್ಕ ಬಂದು ಜಗಳವಾಡಿ, ಕುಣಿದು ಸಭೆಯನ್ನು ಹತೋಟಿಗೆ ತಂದುಕೊಳ್ಳುತ್ತಾರೆ. ಕಥೆ ಸಾಗುವಾಗ ನಡುನಡುವೆ ಅವರ ಪ್ರವೇಶವಿರುತ್ತದೆ. ರಾಮಾಯಣ, ಮಹಾಭಾರತಗಳ ಕಥೆಗಳಲ್ಲಿ ಮದುವೆಗಳಿಗೆ ಕೊರತೆಯಿಲ್ಲ. ಸೀತಾ ಸ್ವಯಂವರ, ದ್ರೌಪದೀ ಸ್ವಯಂವರ, ವಿರಾಟಪರ್ವದ ಕೊನೆಗೆ ಬರುವ ಉತ್ತರೆ–ಅಭಿಮನ್ಯುಗಳ ಮದುವೆ ಇವೆಲ್ಲ ಅರಸು ಮನೆತನದ ಮದುವೆಗಳೇ. ಮಳೆ ಬಾರದಾಗ ಗೊಂಬೆಯಾಟ ಆಡಿಸುವ ವಾಡಿಕೆಯನ್ನೂ ಇಲ್ಲಿ ನೆನೆಯಬೇಕು. ಅಂಥ ವರ್ಷದಲ್ಲಿ ಪರದೆಯ ಮೇಲಿನ ಮದುವೆಯೂಟವನ್ನು ಹಸಿದ ಹೊಟ್ಟೆಯವರು ನೋಡುತ್ತಾರೆ.

ಈ ಸಂದರ್ಭಗಳಲ್ಲಿ ಅಣಕ ಮೂರು ಬಗೆಗಳಲ್ಲಿ ಕೆಲಸಮಾಡುತ್ತದೆ.

ಮೊದಲನೆಯದು ಅನುಕರಣೆ. ಅರಸನ ಕಡೆ ನಡೆದ ವಿಧಿಯನ್ನು ಕೋಡಂಗಿ ದಂಪತಿಗಳು ತಮ್ಮ ಮಟ್ಟದಲ್ಲಿ ಮತ್ತೆ ಮಾಡಿತೋರಿಸುತ್ತಾರೆ. ಅಲ್ಲಿ ಪಣವಿಟ್ಟ ಬಿಲ್ಲು. ಇಲ್ಲಿ ತೆರದ ಚೌಕಾಸಿ. ಅಲ್ಲಿ ವಂಶಾವಳಿಯ ವರ್ಣನೆ; ಇಲ್ಲಿ ಬೀಗರ ಬೈಗುಳ. ಒಂದರ ಹಿಂದೆ ಒಂದು ಬರುವುದರಿಂದ ನೋಡುಗನ ಮನಸ್ಸು ತಾನಾಗಿ ಎರಡನ್ನೂ ಕೂಡಿಸುತ್ತದೆ. ಹೆಣ್ಣನ್ನು ಬಿಲ್ಲಿಗೆ ಕಟ್ಟುವುದಕ್ಕೂ ತೆರಕ್ಕೆ ಕಟ್ಟುವುದಕ್ಕೂ ಇರುವ ಅಂತರವೇನೆಂಬ ಪ್ರಶ್ನೆ ಯಾರೂ ಕೇಳದೆಯೇ ಕೇಳಿದಂತಾಗುತ್ತದೆ.

ಎರಡನೆಯದು ಭಾಷೆ. ಅರಸನದು ಪದ್ಯ ಮತ್ತು ಗ್ರಂಥಸ್ಥ ಗದ್ಯ. ಕಿಳ್ಳೆಕ್ಯಾತನದು ಆಡುವ ಊರಿನ ಮಾತು. ಅವನ ಮಾತು ಸಿದ್ಧಪಾಠವಲ್ಲ; ಅಂದಿನ ಧಾರಣೆ, ಬರ, ಊರಿನ ದೊಡ್ಡವರ ಮನೆಯ ಸಂಗತಿ ಅದರಲ್ಲಿ ನುಸುಳಬಹುದು. ಪುರಾಣದ ರಾಜನ ಮದುವೆ ನಡೆಯುತ್ತಿರುವಾಗಲೇ ನೋಡುಗರು ತಮ್ಮ ಊರಿನ ಗೌಡರ ಮನೆಯ ಮದುವೆಯನ್ನು ಕಾಣುವುದು ಈ ಮಾತಿನ ಬಲದಿಂದ.

ಮೂರನೆಯದು ದಾಂಪತ್ಯದ ಬಯಲು. ಅರಸರ ಕಥೆ ಧಾರೆಯ ನೀರಿನೊಂದಿಗೆ ಮುಗಿಯುತ್ತದೆ. ಕಿಳ್ಳೆಕ್ಯಾತ, ಬಂಗಾರಕ್ಕರು ಧಾರೆಯಾದ ಮೇಲಿನ ಬದುಕನ್ನು ತೋರಿಸುತ್ತಾರೆ: ಹೊಡೆದಾಟ, ಹಸಿವು, ಸವತಿಯ ಸಂಶಯ, ರಾಜಿ. ಬಂಗಾರಕ್ಕ ಬಾಯಿಮುಚ್ಚಿ ಕೂರುವವಳಲ್ಲ. ಅಲುಗಾಡದ ರಾಣಿಯ ಗೊಂಬೆಯ ಪಕ್ಕದಲ್ಲಿ ಅವಳ ಆಡುವ ಕೈಗಳು ಹೇಳುವುದನ್ನು ರಾಣಿ ಹೇಳಲಾರಳು.

ಈ ವಿಧಾನದಲ್ಲಿ ಅರಸನ ಮುಖಕ್ಕೆ ಒಂದು ಗೆರೆಯೂ ಸೋಕುವುದಿಲ್ಲ. ರಾಮ ರಾಮನಾಗಿಯೇ ಇರುತ್ತಾನೆ. ವಿಕಾರವೆಲ್ಲ ಪಕ್ಕದ ಜೋಡಿಯ ಮೇಲೆ. ಇದನ್ನು ಪಕ್ಕದ ಅಣಕವೆಂದು ಕರೆಯಬಹುದು. ಇದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಕಥೆಯ ಅರಸರು ದೇವರೂ ಹೌದು. ಆಡಿಸುವವರು ಅಲೆಮಾರಿಗಳು, ಊರ ಹಿರಿಯರ ವೀಳ್ಯವಿಲ್ಲದೆ ಅವರ ಪರದೆ ಏಳುವುದಿಲ್ಲ. ನೇರವಾಗಿ ಆಡಲಾಗದ್ದನ್ನು ಪಕ್ಕದಲ್ಲಿ ನಿಂತು ಆಡುವುದು ಅವರ ವಿವೇಕ. ಆದರೆ ಇದನ್ನು ಅಂಜಿಕೆಯೆಂದಷ್ಟೇ ಓದಿದರೆ ಕಲೆಗೆ ಅನ್ಯಾಯವಾಗುತ್ತದೆ. ನೇರ ಅಣಕ ಒಬ್ಬ ಡ್ಯೂಕನನ್ನು ನಗೆಗೀಡುಮಾಡುತ್ತದೆ; ಪಕ್ಕದ ಅಣಕ ಅರಸುತನದ ಮದುವೆಯೆಂಬ ವ್ಯವಸ್ಥೆಯನ್ನೇ ಒರೆಗೆ ಹಚ್ಚುತ್ತದೆ. ಡ್ಯೂಕನನ್ನು ಮರೆತ ಕಾಲಕ್ಕೆ ಆ ಚಿತ್ರಕ್ಕೆ ಟಿಪ್ಪಣಿ ಬೇಕು. ಬಂಗಾರಕ್ಕನ ಜಗಳಕ್ಕೆ ಟಿಪ್ಪಣಿ ಬೇಡ.

6. ನೆರೆಯ ಪ್ರಕಾರಗಳು

ಪಕ್ಕದ ಅಣಕ ಗೊಂಬೆಯಾಟಕ್ಕೆ ಸೀಮಿತವಲ್ಲ. ಮದುವೆಯ ಹಾಡುಗಳಲ್ಲಿ ಬೀಗರನ್ನು ಜರೆಯುವ ಹಾಡುಗಳದೇ ಒಂದು ವರ್ಗವಿದೆ. ದೇವರ ಮದುವೆಯನ್ನು ಹಾಡುವಾಗಲೂ ಹೆಣ್ಣಿನ ಕಡೆಯವರಾಗಿ ನಿಂತ ಹೆಂಗಸರು ಬೂದಿ ಬಳಿದ ಮುದಿ ವರನೆಂದು ಶಿವನನ್ನು ಆಡಿಕೊಳ್ಳುತ್ತಾರೆ. ದೊಡ್ಡಾಟದಲ್ಲಿ ಸಾರಥಿಯು ರಂಗಕ್ಕೆ ಬಂದ ಪ್ರತಿ ಅರಸನನ್ನೂ ನೀನು ಯಾರೆಂದು ವಿಚಾರಿಸುತ್ತಾನೆ. ಕಿರೀಟ ಹೊತ್ತವನು ತನ್ನ ಗುರುತನ್ನು ತಾನೇ ಹೇಳಿಕೊಳ್ಳಬೇಕಾಗುತ್ತದೆ. ಕುಮಾರರಾಮನ ಕಥೆಯಲ್ಲಿ ಮುಪ್ಪಿನ ಕಂಪಿಲರಾಯನ ಕಿರಿಯ ಮಡದಿ ರತ್ನಾಜಿ ಮಲಮಗನನ್ನು ಬಯಸುತ್ತಾಳೆ. ಅಲ್ಲಿ ಅರಸನ ತಡವಾದ ಮದುವೆ ರಾಜ್ಯಕ್ಕೇ ಕೇಡು ತರುತ್ತದೆ. ಶಶಿರೇಖೆಯ ಕಥೆಯಲ್ಲಂತೂ ದುರ್ಯೋಧನನ ಮಗನ ಮದುವೆಯ ಚಪ್ಪರವೇ ಘಟೋತ್ಕಚನ ಮಾಯೆಯಿಂದ ನಗೆಯ ಬಯಲಾಗುತ್ತದೆ.

ದಾವಣಗೆರೆಯ ವೃತ್ತಿರಂಗಭೂಮಿ ಈ ಪರಂಪರೆಯನ್ನು ಇನ್ನೊಂದು ರೂಪದಲ್ಲಿ ಮುಂದುವರಿಸಿತು. ಚಿಂದೋಡಿ ವೀರಪ್ಪನವರು ಕಟ್ಟಿದ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿಯನ್ನು ಅವರ ಮಗಳು ಚಿಂದೋಡಿ ಲೀಲಾ (ನಿಧನ 2010) ನಾಡಿನಾದ್ಯಂತ ಪರಿಚಿತಗೊಳಿಸಿದರು. ಕಂಪನಿ ನಾಟಕಗಳ ರಚನೆಯನ್ನು ಗಮನಿಸಿದರೆ, ನಾಯಕ–ನಾಯಕಿಯರ ಪ್ರಣಯದ ಪಕ್ಕದಲ್ಲಿ ಆಳು–ಆಳುಮಗಳ ಹಾಸ್ಯದ ಪ್ರಣಯ ಸಮಾನಾಂತರವಾಗಿ ಸಾಗುತ್ತದೆ. ಶ್ರೀಮಂತರ ಮದುವೆಯ ಡಂಭವನ್ನು ಬಯಲಿಗೆ ಎಳೆಯುವ ಕೆಲಸ ಆ ಜೋಡಿಯದು. ಒಂದು ಇನ್ನೊಂದರಿಂದ ನೇರವಾಗಿ ಹುಟ್ಟಿತೆಂದು ಹೇಳಬೇಕಾಗಿಲ್ಲ. ಒಂದೇ ಪ್ರೇಕ್ಷಕವರ್ಗ ಎರಡನ್ನೂ ನೋಡಿ ನಕ್ಕಿತು ಎಂಬುದು ಸಾಕು.

7. ಕಾಗದ ಏಕೆ ನಗಲಿಲ್ಲ

ಹಾಗಾದರೆ ಮುದ್ರಣ ಬಂದ ಮೇಲೂ ಅರಸರ ಮದುವೆಯ ಅಣಕ ಕಾಗದಕ್ಕೆ ಏಕೆ ಇಳಿಯಲಿಲ್ಲ? ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಅಚ್ಚುಕೂಟದಿಂದ ಬಂದ ಬಣ್ಣದ ಚಿತ್ರಗಳು ಕನ್ನಡ ಮನೆಗಳ ಗೋಡೆಗಳನ್ನೂ ತಲುಪಿದವು. ಆತನು ಚಿತ್ರಿಸಿದ ಶಂತನು ಮತ್ತು ಮತ್ಸ್ಯಗಂಧಿಯರ ಪ್ರಸಂಗವನ್ನೇ ನೋಡಬಹುದು. ಪ್ರಾಯ ಕಳೆದ ಅರಸ ಬೆಸ್ತರ ಹುಡುಗಿಯನ್ನು ಬಯಸಿದ ಕಥೆ ಅಲ್ಲಿ ಗಂಭೀರ ಶೃಂಗಾರವಾಗಿದೆ. ಮೀನು ಹಿಡಿಯುವ ಕಿಳ್ಳೆಕ್ಯಾತರ ಪರದೆಯ ಮೇಲೆ ಇದೇ ಕಥೆಗೆ ಬೇರೆ ಬಣ್ಣ ಬರುವುದು ಸಾಧ್ಯವಿತ್ತು. ಗೋಡೆಯ ಚಿತ್ರ ಪೂಜೆಗೆ ಮತ್ತು ಅಲಂಕಾರಕ್ಕೆ. ನಗೆಗೆ ಅಲ್ಲಿ ಜಾಗವಿರಲಿಲ್ಲ.

ಎರಡನೆಯ ಕಾರಣ ಪ್ರಭುತ್ವದ್ದು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹ 1900ರ ಜೂನ್‌ನಲ್ಲಿ ಕಾಠಿಯಾವಾಡದ ರಾಜಕುಮಾರಿಯೊಡನೆ ವೈಭವದಿಂದ ನಡೆಯಿತು. ಸಂಸ್ಥಾನದ ಪತ್ರಿಕೆಗಳು ಆಡಳಿತವನ್ನು ಟೀಕಿಸುವಷ್ಟು ಬೆಳೆದಿದ್ದವು. ಆದರೆ 1908ರ ವೃತ್ತಪತ್ರಿಕೆಗಳ ಶಾಸನ ಅವುಗಳ ಮೇಲೆ ಕಡಿವಾಣ ಹಾಕಿತು. ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಚ್ಚಾದುದಕ್ಕೆ ಅಚ್ಚುಹಾಕಿದವನ ಹೆಸರು, ಊರು ಇರುತ್ತದೆ, ಅದನ್ನು ಹಿಡಿಯಬಹುದು. ಪರದೆಯ ಮೇಲಿನ ಮಾತನ್ನು ಹಿಡಿಯಲಾಗದು; ಬೆಳಗಾಗುವುದರೊಳಗೆ ದೀಪ ಆರಿ, ಮೇಳ ಮುಂದಿನ ಊರಿಗೆ ಹೊರಟಿರುತ್ತದೆ. 1942ರಲ್ಲಿ ರಾಶಿಯವರ ‘ಕೊರವಂಜಿ’ ಆರಂಭವಾಗಿ ಕನ್ನಡದ ನಗೆಚಿತ್ರಕ್ಕೆ ಒಂದು ನೆಲೆ ದೊರೆತಾಗ ಅದರ ಕಣ್ಣು ಹೆಚ್ಚಾಗಿ ಪಟ್ಟಣದ ಮಧ್ಯಮವರ್ಗದ ಬದುಕಿನ ಮೇಲಿತ್ತು. ಅರಸರ ಕಾಲವೂ ಮುಗಿಯುತ್ತ ಬಂದಿತ್ತು.

8. ಉಳಿವಿನ ಪ್ರಶ್ನೆ

ಗಿಲ್‌ರೇಯ ಅಣಕಕ್ಕೆ ಗುರಿಯಾದ ಯುವರಾಜನೇ ಅಂಥ ಚಿತ್ರಗಳನ್ನು ಕೊಂಡು ಕೂಡಿಸಿಡುತ್ತಿದ್ದನು. ವಿಂಡ್ಸರ್ ಅರಮನೆಯಲ್ಲಿ ಸೇರಿದ್ದ ಸಾವಿರಾರು ವಿಡಂಬನ ಚಿತ್ರಗಳು 1921ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಗೇಲಿಗೊಳಗಾದವನ ಸಂಗ್ರಹಬುದ್ಧಿಯೇ ಗೇಲಿಯನ್ನು ಉಳಿಸಿತು. ನಮ್ಮಲ್ಲಿ ಅರಮನೆ ಕಿಳ್ಳೆಕ್ಯಾತನನ್ನು ಕೂಡಿಸಿಡಲಿಲ್ಲ. ಸವೆದು ಹರಿದ ಗೊಂಬೆಗಳನ್ನು ನೀರಿಗೆ ಬಿಡುವುದು ಕಲಾವಿದರ ವಾಡಿಕೆ. ತೊಗಲಿಗೂ ಜೀವವಿತ್ತೆಂದು ನಂಬಿದವರ ಗೌರವವದು. ಆದರೆ ಇತಿಹಾಸಕಾರನಿಗೆ ಹಳೆಯ ಅಣಕದ ಆಧಾರಗಳು ಹೀಗೆ ಹೊಳೆಯ ಪಾಲಾದವು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪರಿಸ್ಥಿತಿ ಬದಲಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು ಜೀ.ಶಂ. ಪರಮಶಿವಯ್ಯ, ಚಿತ್ರದುರ್ಗ ಸೀಮೆಯವರೇ ಆದ ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ಶ್ರಮದಿಂದ ರೂಪುಗೊಂಡಿತು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ತೊಗಲುಗೊಂಬೆಗಳ ದೊಡ್ಡ ಸಂಗ್ರಹವನ್ನು ಕಟ್ಟಿದರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು (ನಿಧನ 2023) ಈ ಕಲೆಯನ್ನು ಹೊಸ ವಸ್ತುಗಳಿಗೂ ವಿಸ್ತರಿಸಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ಸಮುದಾಯಕ್ಕೇ ಸಂದ ಮನ್ನಣೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅಚ್ಚುಚಿತ್ರ ತನ್ನ ಅರ್ಥವನ್ನು ತನ್ನೊಳಗೇ ಹೊತ್ತಿದೆ: ಶೀರ್ಷಿಕೆ, ದಿನಾಂಕ, ಪ್ರಕಾಶಕನ ಹೆಸರು ಎಲ್ಲವೂ ಆ ಕಾಗದದ ಮೇಲೇ ಇವೆ. ಪಕ್ಕದ ಅಣಕದ ಅರ್ಥ ಒಂದು ಗೊಂಬೆಯಲ್ಲಿಲ್ಲ, ಎರಡು ಗೊಂಬೆಗಳ ನಡುವೆ ಇದೆ. ಕಲ್ಯಾಣದ ದೃಶ್ಯದ ಗೊಂಬೆ ಒಂದು ಪೆಟ್ಟಿಗೆಯಲ್ಲಿ, ಬಂಗಾರಕ್ಕ ಇನ್ನೊಂದು ಪೆಟ್ಟಿಗೆಯಲ್ಲಿ ಸೇರಿದರೆ, ಮೊದಲನೆಯದು ಭಕ್ತಿಚಿತ್ರವಾಗಿ, ಎರಡನೆಯದು ಬರಿಯ ಕುರೂಪವಾಗಿ ಕಾಣುತ್ತದೆ. ಆದ್ದರಿಂದ ಸೂಚಿಗಳಲ್ಲಿ ‘ಹಾಸ್ಯಪಾತ್ರ’ ಎಂಬ ಒಂದು ಪದದ ನಮೂದು ಸಾಲದು. ಆ ಗೊಂಬೆ ಯಾವ ಮೇಳದ್ದು, ಯಾವ ಕಥೆಯ ಯಾವ ದೃಶ್ಯದ ಪಕ್ಕದಲ್ಲಿ ಬರುತ್ತಿತ್ತು, ಅದರ ಕೀಲುಗಳೆಷ್ಟು, ಆಗ ಆಡುತ್ತಿದ್ದ ಮಾತಿನ ಸ್ವರೂಪವೇನು ಎಂಬುದನ್ನು ದಾಖಲಿಸಬೇಕು. ಅಶ್ಲೀಲವೆಂಬ ಕಾರಣಕ್ಕೆ ಮಾತನ್ನು ಕತ್ತರಿಸಿದ ಧ್ವನಿಮುದ್ರಣ, ಬತ್ತಲೆಂಬ ಕಾರಣಕ್ಕೆ ಒಳಗಿಟ್ಟ ಗೊಂಬೆ, ಎರಡೂ ಅರ್ಧ ದಾಖಲೆಗಳು.

ಈ ಕೆಲಸಕ್ಕೆ ಆಡಿದವರೇ ಮುಖ್ಯ ಆಕರ. ದೃಶ್ಯಗಳ ಅನುಕ್ರಮ ಮತ್ತು ಮಾತಿನ ಹದ ಇಂದಿಗೂ ಹಿರಿಯ ಕಲಾವಿದರ ನೆನಪಿನಲ್ಲಿದೆ. ಅದು ಯಾವ ತೊಗಲಿನ ಮೇಲೂ ಬರೆದಿಲ್ಲ. ಗೊಂಬೆಗಳನ್ನು ಅವರ ಮುಂದೆ ಹರಡಿ, ಇದರ ಪಕ್ಕದಲ್ಲಿ ಯಾವುದು ನಿಲ್ಲುತ್ತಿತ್ತೆಂದು ಕೇಳಿ ಬರೆದುಕೊಳ್ಳುವ ಕಾರ್ಯವನ್ನು ಅಕಾಡೆಮಿಗಳೂ ವಿಶ್ವವಿದ್ಯಾನಿಲಯಗಳೂ ಗ್ರಂಥಾಲಯಗಳೂ ಕೂಡಿ ಕೈಗೊಳ್ಳಬೇಕಾಗಿದೆ. ಅರಸರ ಮದುವೆಗಳನ್ನು ಶಾಸನಗಳು, ಕಾವ್ಯಗಳು, ವರ್ಣಚಿತ್ರಗಳು ಸಾಕಷ್ಟು ದಾಖಲಿಸಿವೆ. ಆ ಮದುವೆಗಳನ್ನು ನೋಡಿ ಜನ ಏಕೆ ನಕ್ಕರು ಎಂಬುದನ್ನು ದಾಖಲಿಸುವ ಹೊಣೆ ಜಾನಪದ ಅಧ್ಯಯನದ್ದು.